ಹಿಮದ ಹಾದಿಗೆ ಗಾಲಿಯೋ, ಹಲಗೆಯೋ?

ಪರಶಿವನ ಕೈಲಾಸವನ್ನು ಚಿತ್ರಪಟಗಳಲ್ಲಿ ಕಂಡು, ಹಿಮವೆಂದರೆ ಶುಭ್ರತೆ, ಪ್ರಶಾಂತತೆ ಎಂದೇ ಭಾವಿಸಿಕೊಂಡು ಬಂದವರು ನಾವು. ಅದರ ಮೇಲೆ ಹೊರೆಯೊಡನೆ ಸಾಗುವುದು ಹೇಗೆಂಬ ಪ್ರಶ್ನೆ ನಮ್ಮನ್ನು ಎಂದೂ ಕಾಡಿರಲಿಲ್ಲ. ಕಳೆದ ಮಾರ್ಚ್ ತಿಂಗಳಿನಲ್ಲಿ ಅಮೇರಿಕದ ಅಲಾಸ್ಕ ರಾಜ್ಯದ ಫೇರ್‌ಬ್ಯಾಂಕ್ಸ್ ನಗರದಲ್ಲಿರುವ ಮಗಳ ಮನೆಗೆ ಹೋದಾಗ ಆ ಪ್ರಶ್ನೆ ಎದುರಾಯಿತು.

ನಗರದಿಂದ ಉತ್ತರಕ್ಕೆ ಎಲಿಯಟ್ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು ಹೋದರೆ ವಿಕರ್ಶ್ಯಾಮ್ ಡೋಮ್ ಎಂಬ ಗುಡ್ಡದ ಬಳಿ ವೈಟ್ ಮೌಂಟನ್ಸ್ ಅರಣ್ಯ ಪ್ರದೇಶದ ದಾರಿಗಳು ಆರಂಭವಾಗುತ್ತವೆ. ಕೇಂದ್ರ ಸರ್ಕಾರದ ಭೂ ಇಲಾಖೆ ಅಲ್ಲಿ ಮರದ ಕುಟೀರಗಳನ್ನು ಕಟ್ಟಿಸಿ ಬಾಡಿಗೆಗೆ ಕೊಡುತ್ತದೆ. ನಮಗೆ ಬೇಕಾದ ದಿನ ಹತ್ತಿರದ ಕುಟೀರ ತೆರವಿರಲಿಲ್ಲ. ಆದುದರಿಂದ ಆರು ಕಿಲೋಮೀಟರು ಒಳಹೋಗಿ ಡೇರೆ ಹೂಡಿ ಒಂದು ರಾತ್ರಿ ಕಳೆಯುವುದೆಂದು ನಿಶ್ಚಯವಾಯಿತು. ನಮ್ಮ ಮನೆಯವರು ಮೊಮ್ಮಗುವಿನೊಡನೆ ಮನೆಯಲ್ಲಿಯೇ ಉಳಿದರು.

ಹೋಗುವುದು ಯಾವುದರ ಮೇಲೆ ಎಂಬಲ್ಲಿ ಮನೆಯೊಳಗೆ ಎರಡು ಪಕ್ಷಗಳಾದವು. ಅಳಿಯಂದಿರದು ಸೈಕಲ್ ಪಕ್ಷ, ಮಗಳದು ಸ್ಕೀ ಪಕ್ಷ. ದಾವಣಗೆರೆಯ ಬೀದಿಗಳಲ್ಲಿ ಸೈಕಲ್ ತುಳಿದೇ ಬೆಳೆದ ನಾವು ಅಳಿಯಂದಿರ ಕಡೆ ಸೇರಿದುದರಲ್ಲಿ ಆಶ್ಚರ್ಯವಿಲ್ಲ.

ಅಲ್ಲಿನ ಸೈಕಲ್ಲು ನಮ್ಮದರಂತಲ್ಲ. ನಮ್ಮ ಊರಿನ ಗಾಲಿ ಒಂದೂವರೆ ಅಂಗುಲ ಅಗಲವಾದರೆ, ಅಲ್ಲಿ ಫ್ಯಾಟ್ ಬೈಕ್ ಎನ್ನುವ ಈ ವಾಹನದ ಗಾಲಿ ನಾಲ್ಕರಿಂದ ಐದು ಅಂಗುಲ. ಅದರಲ್ಲಿ ಗಾಳಿಯನ್ನು ಎಷ್ಟು ಕಡಿಮೆ ತುಂಬುತ್ತಾರೆಂದರೆ, ನಮ್ಮ ಪಂಕ್ಚರ್ ಅಂಗಡಿಯವನು ಹೆಬ್ಬೆರಳಿನಿಂದ ಒತ್ತಿ ನೋಡಿ ನಮ್ಮನ್ನು ಬೈದಾನು. ಆದರೆ ಗುಟ್ಟು ಇರುವುದು ಅಲ್ಲಿಯೇ. ಮೆತ್ತಗಿನ ಗಾಲಿ ಹರಡಿಕೊಂಡು ಭಾರವನ್ನು ಹಂಚುವುದರಿಂದ ಹಿಮದೊಳಗೆ ಹೂತುಹೋಗುವುದಿಲ್ಲ. ಅಲಾಸ್ಕದಲ್ಲಿ 1987ರಲ್ಲಿ ಆರಂಭವಾದ ಹಿಮದ ಸೈಕಲ್ ಸ್ಪರ್ಧೆಗಳ ಉತ್ಸಾಹಿಗಳು ಗಾಲಿಯನ್ನು ಅಗಲಗೊಳಿಸುತ್ತ ಹೋದರು. 2005ರಲ್ಲಿ ಒಂದು ಕಂಪನಿ ಇಂತಹ ಸೈಕಲ್ಲನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರಾಟಕ್ಕೆ ತಂದಿತು. ಸ್ಕೀ ಹಲಗೆಯಾದರೋ ಬಹು ಪುರಾತನವಾದುದು. ಸ್ವೀಡನ್ ದೇಶದ ಜೌಗುನೆಲದಲ್ಲಿ ಐದು ಸಾವಿರ ವರ್ಷಕ್ಕೂ ಹಿಂದಿನ ಹಲಗೆ ದೊರೆತಿದೆ. ನಾರ್ವೆಯ ನಾನ್ಸೆನ್ ಗ್ರೀನ್‌ಲ್ಯಾಂಡಿನ ಹಿಮರಾಶಿಯನ್ನು 1888ರಲ್ಲಿ ದಾಟಿದುದೂ ಹಲಗೆಗಳ ಮೇಲೆಯೇ.

"ಮಾವನವರೇ, ಸ್ನೋಮೊಬೈಲುಗಳು ಓಡಾಡಿ ದಾರಿ ಗಟ್ಟಿಯಾಗಿದೆ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗಲಾರದು" ಎಂದರು ಅಳಿಯಂದಿರು. ಮಗಳು ವಾದಕ್ಕಿಳಿಯಲಿಲ್ಲ. ಡೇರೆ, ಒಲೆ, ಚಾಪೆಗಳನ್ನು ಒಂದು ಜಾರುಬಂಡಿಗೆ ಕಟ್ಟಿ, ಅದರ ಕೋಲುಗಳನ್ನು ಸೊಂಟಪಟ್ಟಿಗೆ ಸಿಕ್ಕಿಸಿಕೊಂಡು, ಹಲಗೆ ಮೆಟ್ಟಿ ಹೊರಟಳು.

ಮೊದಲ ದಿನ ನಮ್ಮದೇ ಜಯ. ಗಟ್ಟಿ ಹಿಮದ ಮೇಲೆ ಗಾಲಿಗಳು ಕಿರ್ರೆನ್ನುತ್ತ ಸರಾಗವಾಗಿ ಉರುಳಿದವು. ಮಗಳು ಬಹುದೂರ ಹಿಂದುಳಿದಳು. ಆದರೆ ಆಕೆಗಾಗಿ ನಿಂತಲ್ಲೆಲ್ಲ ಒಂದು ಸಂಗತಿ ಅರಿವಿಗೆ ಬರತೊಡಗಿತು. ಏರಿನಲ್ಲಿ ತುಳಿದು ಬಂದ ಬೆವರು ನಿಂತೊಡನೆ ಬೆನ್ನಿನ ಮೇಲೆ ಮಂಜಾಗುತ್ತಿತ್ತು. ಹಿಡಿಕೆಗೆ ತೊಡಿಸಿದ ದಪ್ಪ ಚೀಲಗಳೊಳಗೆ ಕೈಗಳು ಬೆಚ್ಚಗಿದ್ದವು. ಕಾಲ್ಬೆರಳುಗಳು ಮಾತ್ರ ಮರಗಟ್ಟಿದವು. ಸೈಕಲ್ಲಿನಲ್ಲಿ ತೊಡೆ ದುಡಿಯುತ್ತದೆಯೇ ಹೊರತು ಪಾದ ದುಡಿಯುವುದಿಲ್ಲ. ಸ್ಕೀಯಲ್ಲಿ ತೋಳು, ಬೆನ್ನು, ಪಾದ ಎಲ್ಲವೂ ದುಡಿಯುವುದರಿಂದ ನಿಧಾನವಾಗಿ ಬಂದ ಮಗಳು ನಮ್ಮೆಲ್ಲರಿಗಿಂತ ಬೆಚ್ಚಗಿದ್ದಳು.

ಸ್ಪ್ರೂಸ್ ಮರಗಳ ನಡುವೆ ಹಿಮವನ್ನು ತುಳಿದು ಗಟ್ಟಿಮಾಡಿ ಡೇರೆ ಹೂಡಿದೆವು. ಸಂಜೆಗೆ ಶೂನ್ಯಕ್ಕಿಂತ 22 ಡಿಗ್ರಿ ಕೆಳಗೆ. ಕುಡಿಯುವ ನೀರಿಗೂ ಹಿಮವನ್ನೇ ಕರಗಿಸಬೇಕು. ಒಂದು ಪಾತ್ರೆ ಹಿಮ ಕರಗಿದರೆ ತಳದಲ್ಲಿ ಉಳಿಯುವ ನೀರು ಅಲ್ಪವೇ. ಪೂಜೆಯ ನೀರು ಹೆಪ್ಪುಗಟ್ಟದಿರಲೆಂದು ಒಂದು ಸೀಸೆಯನ್ನು ಮಲಗುವ ಚೀಲದೊಳಗೆ ಇರಿಸಿಕೊಂಡೆವು. ಎದೆಯ ಮೇಲಿನ ಕರಡಿಗೆಯಾದರೋ ಒಳಅಂಗಿಯ ಕೆಳಗೆ ಮೈಯ ಕಾವಿನಲ್ಲಿಯೇ ಇತ್ತು. ಬೆಳಗಿನ ಜಾವ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿದಾಗ ಡೇರೆಯ ಹೊರಗೆ ಒಂದು ಸದ್ದೂ ಇರಲಿಲ್ಲ. ಅಷ್ಟು ನಿಶ್ಶಬ್ದವೇಕೆಂಬುದು ಪೂಜೆ ಮುಗಿಸಿ ಬಾಗಿಲು ಸರಿಸಿದಾಗ ತಿಳಿಯಿತು. ರಾತ್ರಿ ಮೋಡ ಮುಸುಕಿ ಚಳಿ ತಗ್ಗಿ, ಗೇಣುದ್ದ ಹೊಸ ಹಿಮ ಬಿದ್ದಿತ್ತು. ಸೈಕಲ್ಲುಗಳ ಗಾಲಿ ಅರ್ಧ ಮುಚ್ಚಿಹೋಗಿತ್ತು.

ಹಿಂದಿರುಗುವ ಆರು ಕಿಲೋಮೀಟರಿಗೆ ನಮಗೆ ನಾಲ್ಕು ಗಂಟೆ ಹಿಡಿಯಿತು. ತುಳಿದರೆ ಹಿಂದಿನ ಗಾಲಿ ಇದ್ದಲ್ಲಿಯೇ ತಿರುಗುವುದು. ಇಳಿದು ನೂಕಿದರೆ ನಮ್ಮ ಕಾಲೇ ಹೂತುಹೋಗುವುದು. ಗಾಳಿಯನ್ನು ಮತ್ತಷ್ಟು ಇಳಿಸಿದರೂ ಫಲವಾಗಲಿಲ್ಲ. ನಡುವೆ ಸ್ನೋಮೊಬೈಲೊಂದು ಸದ್ದುಮಾಡುತ್ತ ಹಾದುಹೋದಾಗ, ದಾರಿಯಾಯಿತೆಂದು ನಾವು ಹಿಗ್ಗಿದೆವು. ಅಳಿಯಂದಿರು ತಲೆಯಾಡಿಸಿದರು. ತುಳಿದ ಹಿಮ ಗಟ್ಟಿಯಾಗಿ ಕೂಡಲು ಕೆಲವು ಗಂಟೆಗಳಾದರೂ ಬೇಕಂತೆ. ಅರವತ್ತು ದಾಟಿದ ನಮ್ಮ ಎದೆಬಡಿತ ನಮಗೇ ಕೇಳಿಸುತ್ತಿತ್ತು. ಕಾಲ್ಬೆರಳುಗಳ ಅರಿವು ತಪ್ಪಿತ್ತು. ಕುಳಿತುಬಿಡೋಣವೆನ್ನಿಸಿತು. ಆ ಚಳಿಯಲ್ಲಿ ಮಾಡಬಾರದ ಕೆಲಸ ಅದೊಂದೇ ಎಂಬುದು ತಿಳಿದಿದ್ದರೂ!

ಆಗ ಮುಂದಿನ ತಿರುವಿನಲ್ಲಿ ಮಗಳು ಕಾಣಿಸಿದಳು. ತನ್ನ ಹೊರೆಯನ್ನು ಕಾರಿನಲ್ಲಿಳಿಸಿ, ಬರಿದಾದ ಜಾರುಬಂಡಿಯೊಡನೆ ಮರಳಿ ಬಂದಿದ್ದಳು. "ಅಪ್ಪಾಜಿ, ಚೀಲಗಳನ್ನು ಇದಕ್ಕೆ ಹಾಕಿ. ಕಾಲು ಆಡಿಸುತ್ತ ನನ್ನ ಹಿಂದೆಯೇ ಬನ್ನಿ" ಎಂದಳು. ನಮ್ಮ ಸೈಕಲ್ಲನ್ನೂ ಅಡ್ಡಲಾಗಿ ಕಟ್ಟಿಕೊಂಡಳು. ಗೆದ್ದೆನೆಂಬ ಮಾತನ್ನು ಆಡಲಿಲ್ಲ. ಕಾರಿನೊಳಗೆ ಬೂಟು ಬಿಚ್ಚಿ ನಮ್ಮ ಬೆರಳುಗಳನ್ನು ತನ್ನ ಅಂಗೈಗಳ ನಡುವೆ ಇರಿಸಿಕೊಂಡಾಗ, ನೋವು ಮರಳಿ ಬಂದುದೇ ಸಂತೋಷವಾಯಿತು.

ಸೈಕಲ್ಲನ್ನು ನಾವು ಹಳಿಯಲಾರೆವು. ಮೂರು ದಿನಗಳ ಬಳಿಕ ಗಟ್ಟಿಯಾದ ಅದೇ ದಾರಿಯಲ್ಲಿ ಅಳಿಯಂದಿರು ಹಕ್ಕಿಯಂತೆ ಹೋಗಿ ಬಂದರು. ಸ್ಕೀಗೂ ಅದರದೇ ಆದ ತೊಡಕುಗಳಿವೆ. ಚಳಿ ತೀರ ಹೆಚ್ಚಿದರೆ ಹಿಮ ಮರಳಿನಂತಾಗಿ ಹಲಗೆ ಜಾರುವುದಿಲ್ಲ. ಇಳಿಜಾರಿನಲ್ಲಿ ಬಂಡಿ ಹಿಂದಿನಿಂದ ನೂಕಿ ಹೊಸಬರನ್ನು ಕೆಡವುತ್ತದೆ. ಬೆಳಗ್ಗೆ ಹೋಗಿ ಸಂಜೆಗೆ ಮರಳುವವರಿಗೆ, ದಾರಿಯ ಸ್ಥಿತಿ ವಿಚಾರಿಸಿ ಹೊರಡುವವರಿಗೆ ಗಾಲಿಯೇ ಲೇಸು. ರಾತ್ರಿ ತಂಗುವವರು ಮಾತ್ರ ನಾಳಿನ ಹಿಮವನ್ನು ಇಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಂಥವರಿಗೆ ಹಲಗೆಯೇ ನೆಚ್ಚಿನದು ಎಂಬುದು ನಮ್ಮ ಅಭಿಪ್ರಾಯ.

ಊರಿಗೆ ಹೊರಡುವ ಹಿಂದಿನ ದಿನ ಮಗಳು ಒಂದು ಕಾಗದದ ಮೇಲೆ ನಮ್ಮನ್ನು ನಿಲ್ಲಿಸಿ, ಪೆನ್ಸಿಲಿನಿಂದ ಎರಡೂ ಪಾದಗಳ ಅಂಚನ್ನು ಗುರುತಿಸಿಕೊಂಡಳು. ಯಾತಕ್ಕೆಂದು ನಮ್ಮ ಮನೆಯವರು ಕೇಳಿದರು. "ಸ್ಕೀ ಬೂಟಿನ ಅಳತೆಗೆ, ಅವ್ವಾ" ಎಂದಳು.