ಒಂದನೇ ಕ್ಲಾಸಿನ ಶ್ರುತಿ

ಪುಟ್ಟ ಮಗುವಿನ ದನಿ ಎಲ್ಲಿ ಹಿತವಾಗಿ ನಿಲ್ಲುತ್ತದೆ ಎಂದು ಕಂಡುಕೊಳ್ಳುವುದೇ ಹಾಡು ಕಲಿಸುವ ಮೇಷ್ಟರ ಮೊದಲ ಪಾಠ. ನಾವು ಗಂಡಸರು ನಮಗೆ ಒಗ್ಗಿದ ಶ್ರುತಿಯಲ್ಲಿ ಎತ್ತಿಕೊಂಡರೆ ಮಕ್ಕಳು ಆ ತಗ್ಗಿಗೆ ಇಳಿಯಲು ಹೆಣಗುತ್ತವೆ. ಕೆಲವು ಗೊಗ್ಗರು ದನಿಯಲ್ಲಿ ಗೊಣಗುತ್ತವೆ, ಕೆಲವು ಕಿರುಚುತ್ತವೆ, ಉಳಿದವು ಬರೀ ತುಟಿ ಆಡಿಸುತ್ತವೆ. ಅದೇ ಹಾಡನ್ನು ಕೊಂಚ ಏರಿಸಿ, ಮೆಲ್ಲಗೆ ಹೇಳಿಕೊಡಿ. ಕೋಣೆಯೇ ತಿಳಿಯಾಗುತ್ತದೆ.

ಆ ಎತ್ತರ ಗೊತ್ತಾಗಬೇಕಾದರೆ ಆಟದ ಬಯಲಿಗೆ ಕಿವಿ ಕೊಡಬೇಕು. ಬಿ.ದುರ್ಗ ಹೋಬಳಿಯ ನಮ್ಮ ಮಕ್ಕಳು ಬಯಲಿನ ಆ ತುದಿಯಲ್ಲಿರುವ ಗೆಳೆಯನನ್ನು ‘ಬಾ...ರೋ’ ಎಂದು ಕೂಗುವಾಗ ದನಿ ಮೇಲಿನ ಒಂದು ಸ್ವರದಿಂದ ಕೆಳಗಿನ ಇನ್ನೊಂದಕ್ಕೆ ಸಲೀಸಾಗಿ ಇಳಿಯುತ್ತದೆ. ಹೆಚ್ಚುಕಡಿಮೆ ಪಂಚಮದಿಂದ ಗಾಂಧಾರಕ್ಕೆ. ಹಂಗೇರಿಯ ಜೋಲ್ತಾನ್ ಕೊಡಾಯ್ (1882–1967) ಹೆಸರಿನಲ್ಲಿ ಬೆಳೆದ ಶಾಲಾ ಸಂಗೀತದ ಪದ್ಧತಿ ಶುರುವಾಗುವುದೂ ಈ ಎರಡು ಸ್ವರಗಳಿಂದಲೇ. ತನ್ನ ನಾಡಿನ ಜನಪದ ಹಾಡೇ ಮಗುವಿನ ಮೊದಲ ಸಂಗೀತವಾಗಬೇಕು ಎಂದು ನಂಬಿದ್ದವರು ಅವರು. ಎಲ್ಲಿಯ ಹಂಗೇರಿ, ಎಲ್ಲಿಯ ನಮ್ಮ ಹೊಳಲ್ಕೆರೆ ತಾಲ್ಲೂಕು! ಮಕ್ಕಳ ಕೂಗು ಮಾತ್ರ ಒಂದೇ. ಅಟೆಂಡೆನ್ಸ್ ಕರೆಯುವಾಗ ನಾನು ಹೆಸರುಗಳನ್ನು ಈ ಎರಡು ಸ್ವರದಲ್ಲೇ ಕರೆಯುತ್ತೇನೆ. ‘ಬಂದೀನಿ ಸಾ’ ಎಂಬ ಉತ್ತರವೂ ಅದೇ ಸ್ವರದಲ್ಲಿ ಬರುತ್ತದೆ. ಯಾರ ಕಿವಿ ಇನ್ನೂ ಪಳಗಬೇಕು, ಯಾರಿಗೆ ನಾಚಿಕೆ, ಯಾರಿಗೆ ನೆಗಡಿ ಎಲ್ಲವೂ ಅಷ್ಟರಲ್ಲೇ ತಿಳಿದುಹೋಗುತ್ತದೆ.

ನಮ್ಮಂಥ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಸಂಗೀತಕ್ಕೆಂದೇ ಬೇರೆ ಮೇಷ್ಟರು ಬರುವುದು ಅಪರೂಪ. ಮಗ್ಗಿ ಹೇಳಿಕೊಡುವವರೇ ಹಾಡನ್ನೂ ಹೇಳಿಕೊಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಬೋಧನಾ ಪದ್ಧತಿ ರಾಜ್ಯಕ್ಕೆಲ್ಲ ಹಬ್ಬಿದ ಮೇಲಂತೂ ಒಂದರಿಂದ ಮೂರನೇ ತರಗತಿವರೆಗೆ ಹಾಡಿಲ್ಲದೆ ದಿನ ಸಾಗದು. ಆದರೆ ಅಲ್ಲಿ ಹಾಡು ಅಕ್ಷರ ಕಲಿಸಲು, ಎಣಿಕೆ ಕಲಿಸಲು ಇರುವ ದಾರಿ. ಹಾಡನ್ನು ಹಾಡಿಗಾಗಿಯೇ ಕಲಿಸುವ ಹೊತ್ತೂ ದಿನದಲ್ಲಿ ಒಂದಿಷ್ಟು ಬೇಕು ಎನ್ನುವುದು ನನ್ನ ಹಟ.

ತಾಳದ ವಿಷಯಕ್ಕೆ ಬರೋಣ. ಆದಿತಾಳ ಎಂದರೆ ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಪೆಟ್ಟು, ಬೀಸು, ಪೆಟ್ಟು, ಬೀಸು. ಆರು ವರ್ಷದ ಕೂಸಿಗೆ ಕಿರುಬೆರಳು ಮಡಿಸುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ. ಅದೇ ಕೂಸಿನ ಕೈಗೆ ಎರಡು ಕೋಲು ಕೊಟ್ಟು ನೋಡಿ! ಎದುರಿನವರ ಕೋಲಿಗೆ ಒಂದು, ತನ್ನದಕ್ಕೆ ಒಂದು, ಎಡಕ್ಕೆ ತಿರುಗಿ ಇನ್ನೊಂದು. ಎಂಟು ಎಣಿಕೆ ತಪ್ಪುವುದೇ ಇಲ್ಲ. ಊರಹಬ್ಬದಲ್ಲಿ ಉರುಮೆಯ ಸದ್ದಿಗೆ ಅಪ್ಪನ ಹೆಗಲ ಮೇಲೆ ಕುಣಿದ ಮಗು ಅದು. ಚಿಕ್ಕಜಾಜೂರು ಜಂಕ್ಷನ್ನಿನಿಂದ ಹೊರಟ ರೈಲು ಹೇಗೆ ವೇಗ ಹಿಡಿಯುತ್ತದೆ ಎಂದು ಕೇಳಿದರೆ ಇಡೀ ತರಗತಿ ಕಾಲಿನಲ್ಲೇ ನುಡಿಸಿ ತೋರಿಸುತ್ತದೆ. ಒಂದನೇ ಕಾಲ, ಎರಡನೇ ಕಾಲವನ್ನು ಅದಕ್ಕಿಂತ ಚೆನ್ನಾಗಿ ವಿವರಿಸಲು ನನ್ನಿಂದಾಗದು.

ಒಮ್ಮೆ ಸೋಬಾನೆಯ ಒಂದು ಧಾಟಿ ಹೇಳಿಕೊಡುತ್ತಿದ್ದಾಗ ಮೂರನೇ ತರಗತಿಯ ಹುಡುಗಿ ಎದ್ದು ನಿಂತು, ‘ಸಾ, ನಮ್ಮಜ್ಜಿ ಹಿಂಗೆ ಹೇಳಲ್ಲ’ ಅಂದಳು. ಅಜ್ಜಿಯನ್ನೇ ಕರೆಸಿದೆವು. ‘ಇಸ್ಕೂಲ್ ಮೆಟ್ಲು ಹತ್ತಿದೋಳಲ್ಲ ಕಣಪ್ಪ ನಾನು’ ಎನ್ನುತ್ತಲೇ ಬಾಗಿಲ ಹತ್ತಿರ ಕೂತರು. ಸೆರಗು ತಲೆ ಮೇಲೆ ಎಳೆದುಕೊಂಡು, ಒಂದು ಸಾಲು ತಾವು ಹೇಳಿ, ಅದನ್ನು ಮಕ್ಕಳಿಂದ ಹೇಳಿಸಿ, ಅವು ಹಿಡಿದುಕೊಂಡವು ಅನ್ನಿಸಿದ ಮೇಲಷ್ಟೇ ಮುಂದಿನ ಸಾಲಿಗೆ ಹೋದರು. ತಪ್ಪಿದವರನ್ನು ತಿದ್ದಲಿಲ್ಲ, ಅದೇ ಸಾಲನ್ನು ಇನ್ನೊಮ್ಮೆ ಹೇಳಿದರು, ಅಷ್ಟೇ. ಇಡೀ ಪದ ಐದಾರು ಸ್ವರಗಳ ಒಳಗೇ ಓಡಾಡಿತು. ಮಕ್ಕಳ ಗಂಟಲಿಗೆ ಬೇಕಾದದ್ದೂ ಅಷ್ಟೇ. ಯಾವ ತರಬೇತಿಯಲ್ಲೂ ನಾನು ಇದಕ್ಕಿಂತ ಅಚ್ಚುಕಟ್ಟಾದ ಪಾಠ ನೋಡಿಲ್ಲ. ಇದೇ ಜಿಲ್ಲೆಯ ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯಲ್ಲಿದ್ದ ಸಿರಿಯಜ್ಜಿ ಓದುಬರಹ ಇಲ್ಲದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರು. ಅಂಥ ಅಜ್ಜಿಯರ ಮೊಮ್ಮಕ್ಕಳು ನಮ್ಮ ಬೆಂಚಿನ ಮೇಲೆ ಕೂತಿದ್ದಾರೆ.

ನಾಡಗೀತೆಯದು ಬೇರೆಯೇ ಪರಿಶ್ರಮ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತು ಮಾಡಿದ ಮೇಲೆ ನಮಗೆ ಒಂದು ನೆಲೆ ಸಿಕ್ಕಿತು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ತೋರಿಸಿಕೊಟ್ಟರೆ ಚಿಕ್ಕವೂ ಕೊನೆತನಕ ಹಾಡುತ್ತವೆ.

ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆಗೆ ಒಳ್ಳೆಯ ಕಂಠದ ಒಬ್ಬಿಬ್ಬರನ್ನು ಆರಿಸಿ ತಯಾರು ಮಾಡುತ್ತೇವೆ, ಬಹುಮಾನ ಬಂದರೆ ಸಂತೋಷ. ಆದರೆ ‘ನೀನು ಹಾಡಬೇಡ, ಸುಮ್ಮನೆ ನಿಂತ್ಕೋ’ ಎಂದು ಏಳು ವರ್ಷದ ಮಗುವಿಗೆ ಹೇಳುವುದು ಅನ್ಯಾಯ. ಆ ಮಗು ಮುಂದೆ ಜನ್ಮದಲ್ಲೇ ಬಾಯಿ ತೆರೆಯದೆ ಇರಬಹುದು. ನನ್ನ ಜೊತೆಯ ಮೇಷ್ಟರುಗಳಲ್ಲಿ, ಟೀಚರುಗಳಲ್ಲಿ ಕೇಳಿಕೊಳ್ಳುವುದಿಷ್ಟು: ನಾಳೆ ಪ್ರಾರ್ಥನೆಯಲ್ಲಿ ಹಿಂದಿನ ಸಾಲಿನ ಪಕ್ಕ ನಿಂತು ಹಾಡಿ. ಮೈಕು ಮುಂದಿನವರ ಹತ್ತಿರವೇ ಇರಲಿ.