ಮನೆ ಮಾರಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರಾರು? ಅದಕ್ಕೆ ‘ಮನೆ ಮಾರಿ ನೋಡು’ ಎಂಬ ಮೂರನೆಯ ಮಾತನ್ನು ನಮ್ಮ ಹಿರಿಯರು ಸೇರಿಸಲಿಲ್ಲ. ಅವರ ಕಾಲದಲ್ಲಿ ಇದ್ದ ಮನೆಯನ್ನು ಮಾರುವುದೆಂದರೆ ಮನೆತನವೇ ಮುಳುಗಿತೆಂದು ಅರ್ಥ. ಅಂಥ ಮಾತು ಬಾಯಿಂದ ಬರುವುದೂ ಬೇಡವೆಂದು ಬಿಟ್ಟಿರಬೇಕು. ಇಂದಿನ ಕಾಲ ಬೇರೆ. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ನೆಲೆಸಿರುತ್ತಾರೆ. ಊರಿನ ಮನೆಯಲ್ಲಿ ಇಬ್ಬರು ಮುದುಕರು, ಹತ್ತು ಖೋಲಿಗಳು. ಒಂದು ದಿನ ಮಾರುವ ಮಾತು ಹೊರಬೀಳುತ್ತದೆ. ಮರುದಿನದಿಂದಲೇ ನೋಡುವವರು ಬರತೊಡಗುತ್ತಾರೆ. ಹೆಣ್ಣು ನೋಡಲು ಬಂದವರ ಮುಖದಲ್ಲಾದರೂ ಒಪ್ಪಿಗೆಯನ್ನು ಓದಬಹುದು. ಮನೆ ನೋಡಲು ಬಂದವರ ಮುಖವನ್ನು ಓದುವುದು ಅದಕ್ಕಿಂತ ಕಠಿಣವಾದ ವಿದ್ಯೆ.

ಈ ವಿದ್ಯೆಯ ಮೊದಲ ಪಾಠ ನಮಗಾದುದು ಚಿಕ್ಕೋಡಿಯಲ್ಲಿ. ಅಲ್ಲಿ ನಮ್ಮ ಸೋದರಮಾವನವರ ಹಳೆಯ ಮನೆಯಿತ್ತು: ಎತ್ತರದ ತಲೆಬಾಗಿಲು, ಇಕ್ಕೆಲದಲ್ಲಿ ಕಟ್ಟೆ, ಒಳಗೆ ಅಗಲವಾದ ಪಡಸಾಲೆ, ಸಾಗವಾನಿ ಕಂಬಗಳ ಮೇಲೆ ನಿಂತ ಮಾಳಿಗೆ, ಹಿತ್ತಲಲ್ಲಿ ಬಾವಿ, ದನದ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ದನಗಳಿಲ್ಲದೆ ಬಹಳ ವರ್ಷಗಳಾಗಿದ್ದವು. ಮಾವನವರಿಗೆ ಮೊಣಕಾಲು ನೋವು. ಬಂದವರಿಗೆ ಮನೆ ತೋರಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಸುತ್ತಲಿನ ಊರುಗಳಿಂದೆಲ್ಲ ಜನರು ಬಂದರು. ಒಬ್ಬರ ರೀತಿ ಇನ್ನೊಬ್ಬರದಲ್ಲ. ಆಗ ವಿಚಿತ್ರವೆಂದು ತೋರಿದ ಅವರ ನಡತೆ, ಅನಂತರ ಅದೇ ಊರುಗಳ ದಾರಿಯಲ್ಲಿ ಬಸ್ಸು ಹತ್ತಿ ತಿರುಗಾಡಿದಾಗ ಸಹಜವಾಗಿ ಕಂಡಿತು. ಮನೆ ನೋಡಲು ಬರುವವನು ಬರಿಗೈಯಲ್ಲಿ ಬರುವುದಿಲ್ಲ. ತನ್ನ ಊರನ್ನು ಕಣ್ಣಿನಲ್ಲಿ ಹೊತ್ತು ತರುತ್ತಾನೆ.

ಬೆಳಗಾವಿ ಜಿಲ್ಲೆಯ ಉತ್ತರದ ಈ ಸೀಮೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ರಾಯಬಾಗವಂತೂ 1949ರವರೆಗೆ ಕೊಲ್ಲಾಪುರ ಸಂಸ್ಥಾನದ ಊರು. ನಿಪ್ಪಾಣಿ, ಕಾಗವಾಡಗಳು ತಾಲೂಕುಗಳಾದದ್ದು ಇತ್ತೀಚೆಗೆ. ಮೊದಲು ಒಂದು ಚಿಕ್ಕೋಡಿಗೆ, ಇನ್ನೊಂದು ಅಥಣಿಗೆ ಸೇರಿದ್ದವು. ಇಲ್ಲಿಯ ಜನರು ಸಂತೆಯಲ್ಲಿ ಕನ್ನಡ, ಸೋದರತ್ತೆಯ ಮನೆಯಲ್ಲಿ ಮರಾಠಿ ಎಂದು ಎರಡನ್ನೂ ಸರಾಗವಾಗಿ ಆಡುವವರು. ಆದ್ದರಿಂದ ಮನೆ ನೋಡಲು ಬಂದ ಗಂಡಹೆಂಡಿರು ನಡುವೆ ತಟ್ಟನೆ ಮರಾಠಿಗೆ ತಿರುಗಿದರೆ ಏನೋ ಗುಟ್ಟು ನಡೆಯಿತೆಂದು ಮನೆಯವರು ಗಾಬರಿಯಾಗಬೇಕಿಲ್ಲ. ಅಡಿಗೆಮನೆಯ ಹೊಗೆ ಎಲ್ಲಿಂದ ಹೋಗುತ್ತದೆಂದು ಅವರು ಕೇಳಿಕೊಳ್ಳುತ್ತಿರಬಹುದು.

ಮೊದಲು ಬಂದವರು ನಿಪ್ಪಾಣಿಯ ವ್ಯಾಪಾರಿಗಳು. ಅವರು ಅಡಿಗೆಮನೆಯನ್ನು ನೋಡಲಿಲ್ಲ, ಬಾವಿಯನ್ನು ಕೇಳಲಿಲ್ಲ. ಕಂಬವನ್ನು ಬೆರಳಿನಿಂದ ಕುಟ್ಟಿದರು, ಉಗುರಿನಿಂದ ಕೆರೆದರು, ಬೆರಳನ್ನು ಮೂಸಿದರು. ಅನಂತರ ಕತ್ತೆತ್ತಿ, “ತೊಲಿ ಎಷ್ಟ್ ಅದಾವ್ರಿ?” ಎಂದು ಕೇಳಿದರು. ಅತ್ತೆಯವರಿಗೆ ಸಿಟ್ಟು ಬಂದಿತು. ಮೂರು ತಲೆಮಾರು ಬಾಳಿದ ಮನೆ ಆ ಮನುಷ್ಯನಿಗೆ ಬರಿಯ ಕಟ್ಟಿಗೆಯಾಗಿ ಕಂಡಿತ್ತು.

ಆದರೆ ನಿಪ್ಪಾಣಿಯನ್ನು ನೋಡಿರಿ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಈ ಪೇಟೆ ಬೆಳೆದದ್ದು ಬೀಡಿ ತಂಬಾಕಿನಿಂದ. ತಂಬಾಕಿನ ವಖಾರಿಯ ಮುಂದೆ ಹಾದರೆ ಸಾಕು, ಮೂಗು ಚುರುಗುಟ್ಟುತ್ತದೆ. ಆ ವ್ಯಾಪಾರದಲ್ಲಿ ಮಾಲನ್ನು ಮುಟ್ಟಿ, ಮೂಸಿ, ಉಜ್ಜಿ ನೋಡಿ ದರ ಹೇಳುವುದು ವಾಡಿಕೆ. ಕೊಳ್ಳುವವರು ಹೇಳಿದ್ದೇ ದರ, ಕಳೆದದ್ದೇ ತೂಕ ಎಂಬ ಸ್ಥಿತಿಗೆ ರೋಸಿಹೋಗಿ ತಂಬಾಕು ಬೆಳೆಗಾರರು 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ಇದೇ ಹೆದ್ದಾರಿಯ ಮೇಲೆ ವಾರಗಟ್ಟಲೆ ಕುಳಿತರು. ಮಾಲಿನ ಬೆಲೆಯನ್ನು ಮಾಲಕನು ತಾನೇ ಅರಿಯದಿದ್ದರೆ ಬೇರೊಬ್ಬರು ಅದನ್ನು ನಿಶ್ಚಯಿಸುತ್ತಾರೆಂಬುದು ಆ ನೆಲದ ಪಾಠ. ಮನೆಗೂ ಇದು ಸಲ್ಲುತ್ತದೆ. ಕಟ್ಟಿಗೆಗಾಗಿ ಬರುವವನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅವನು ಬರುವ ಮೊದಲೇ ಬಡಿಗನೊಬ್ಬನನ್ನು ಕರೆಸಿ ತೊಲೆ, ಜಂತಿ, ಬಾಗಿಲುಗಳ ಬೆಲೆ ಕಟ್ಟಿಸಿಟ್ಟುಕೊಂಡರೆ, ಅವನ ಮೌನ ನಮ್ಮನ್ನು ಹೆದರಿಸಲಾರದು.

ಎರಡನೆಯವರು ರಾಯಬಾಗದ ಕಡೆಯ ರೈತರು. ಅವರು ತಲೆಬಾಗಿಲಿನಿಂದ ಒಳಗೆ ಬರದೆ ಮನೆಯ ಸುತ್ತ ಪ್ರದಕ್ಷಿಣೆ ಹಾಕಿದರು. ಕೊಟ್ಟಿಗೆಯಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ತಪ್ಪುಗಳ ಪಟ್ಟಿ ಆರಂಭವಾಯಿತು: ಈಶಾನ್ಯದ ಮೂಲೆ ಕಟ್ಟಾಗಿದೆ, ಮೆಟ್ಟಿಲು ಕಡಿದು, ಬಾವಿಯ ದಂಡೆ ಸವೆದಿದೆ. “ನೋಡೋಣ್ರಿ” ಎಂದು ಹೋದವರು ಹದಿನೈದು ದಿನಗಳ ಮೇಲೆ ಮತ್ತೆ ಬಂದರು, ಮತ್ತೆ ಅದೇ ಪಟ್ಟಿ, ಮತ್ತೆ “ನೋಡೋಣ್ರಿ.” ಹೀಗೆ ಮೂರು ಸಲ.

ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ ಪ್ರಸಿದ್ಧವಾದುದು. ನಮ್ಮ ಕಡೆಯ ದನದ ಜಾತ್ರೆಯಲ್ಲಿ ಎತ್ತಿನ ವ್ಯಾಪಾರವನ್ನು ಕಂಡವರಿಗೆ ಈ ರೈತನ ಮರ್ಮ ಬೇಗ ತಿಳಿಯುವುದು. ಬೇಡವಾದ ಎತ್ತನ್ನು ಯಾರೂ ಹಳಿಯುವುದಿಲ್ಲ. ಸುಮ್ಮನೆ ಮುಂದೆ ನಡೆಯುತ್ತಾರೆ. ಮನಸ್ಸಿಗೆ ಬಂದ ಎತ್ತಿನ ಮೈಮೇಲೆಯೇ ಕೆಟ್ಟ ಸುಳಿ ಕಾಣುವುದು, ಹಲ್ಲು ಲೆಕ್ಕಕ್ಕೆ ಸಿಗದಿರುವುದು! ಬೆಲೆಯನ್ನು ಬಾಯಿಬಿಟ್ಟು ಹೇಳದೆ ವಸ್ತ್ರದ ಕೆಳಗೆ ಬೆರಳು ಹಿಡಿದು ಕುದುರಿಸುವ ಪದ್ಧತಿಯೂ ಇತ್ತು. ಇನ್ನು “ನೋಡೋಣ್ರಿ” ಎಂಬುದರ ಅರ್ಥ ಆ ಸೀಮೆಯ ಹೊಲಗಳಲ್ಲಿಯೇ ನಿಂತಿರುತ್ತದೆ. ಅದು ಕಬ್ಬು. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಿಲ್ಲಿನ ದಾರಿ ಕಾಯುತ್ತ ಕುಳಿತ ಹಂಗಾಮುಗಳನ್ನು ಇಲ್ಲಿಯ ರೈತರು ಎಷ್ಟೋ ಕಂಡಿದ್ದಾರೆ. ಕಬ್ಬಿನ ಬಿಲ್ಲು ಕೈಸೇರದ ಹೊರತು ಅವನು ಹೌದೆನ್ನಲಾರ. ಮನಸ್ಸು ಬಂದಿರುವುದರಿಂದ ಅಲ್ಲವೆನ್ನಲೂ ಆರ. ಇಂಥವನಿಗೆ ಕೊನೆಯ ಬೆಲೆಯನ್ನೂ ಒಂದು ತಾರೀಖನ್ನೂ ಹೇಳಿ ಕಳಿಸಬೇಕು. ಅವನಿಗಾಗಿ ಉಳಿದವರನ್ನು ಹಿಂತಿರುಗಿಸಬಾರದು.

ಕಾಗವಾಡದ ಕಡೆಯಿಂದ ಬಂದವರು ಭರ್ತಿ ಮಳೆಯಲ್ಲಿ ಬಂದರು. ಬಿಸಿಲಿದ್ದಾಗ ಬರಬಹುದಿತ್ತಲ್ಲ ಎಂದರೆ ನಕ್ಕರು. ಛತ್ರಿಯನ್ನು ಕಟ್ಟೆಯ ಮೇಲಿಟ್ಟು, ಗೋಡೆಯ ಬುಡಕ್ಕೆ ಅಂಗೈ ಹಚ್ಚುತ್ತ ಖೋಲಿಯಿಂದ ಖೋಲಿಗೆ ನಡೆದರು. ಮೊಣಕಾಲಿನ ಮೇಲಿನ ಗೋಡೆಯನ್ನು ಅವರು ನೋಡಲೇ ಇಲ್ಲವೆಂದರೂ ನಡೆದೀತು. ಹೋಗುವಾಗ ನಮ್ಮನ್ನು ಬಿಟ್ಟು ಓಣಿಯ ಕಿರಾಣಿ ಅಂಗಡಿಯವನೊಂದಿಗೆ ಮಾತಿಗೆ ನಿಂತರು.

ರಾಯಬಾಗದಿಂದ ರೈಲು ಹತ್ತಿದರೆ ಚಿಂಚಲಿ, ಕುಡಚಿ ದಾಟಿ ಕೃಷ್ಣೆಯ ಸೇತುವೆ; ಆಚೆಗೆ ಉಗಾರ, ಶೇಡಬಾಳ. ಕಣ್ಣು ಹಾಯುವವರೆಗೂ ಹಸುರು. ಈ ಹಸುರನ್ನು ಕೊಟ್ಟ ಹೊಳೆಯೇ 2005, 2019, 2021ರಲ್ಲಿ ದಂಡೆ ಮೀರಿ ಊರೊಳಗೆ ಬಂದಿತು. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಸುರಿದರೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಒಟ್ಟಿಗೆ ಏರುತ್ತವೆ. ನೀರು ಇಳಿದ ಮೇಲೆ ಗೋಡೆಯ ಮೇಲೊಂದು ಕಂದು ಗೆರೆ ಉಳಿಯುತ್ತದೆ. ಸುಣ್ಣ ಬಳಿದರೂ ಮುಂದಿನ ಮಳೆಗಾಲಕ್ಕೆ ಆ ಗೆರೆ ಮತ್ತೆ ಮೂಡುವುದುಂಟು. ಆ ಗೆರೆಯನ್ನು ತನ್ನ ಮನೆಯಲ್ಲಿ ಕಂಡವನು ಇನ್ನೊಬ್ಬರ ಮನೆಯಲ್ಲಿ ಮೊದಲು ಅದನ್ನೇ ಹುಡುಕುವನು. ಹೊಳೆಯಿಂದ ದೂರ, ಎತ್ತರದಲ್ಲಿರುವ ಚಿಕ್ಕೋಡಿಗೆ ಅವನು ಬಂದದ್ದೇ ಅದಕ್ಕಾಗಿ.

ಮಾವನವರ ಮನೆಗೆ ಹೊಳೆಯ ಗೆರೆ ಇರಲಿಲ್ಲ. ಆದರೆ ಹಿಂದಿನ ಖೋಲಿಯ ಗೋಡೆಗೆ ತೇವವಿತ್ತು. ಧಾನ್ಯದ ಚೀಲಗಳನ್ನು ಒಟ್ಟಿ ಅದನ್ನು ಮರೆಮಾಡಬಹುದೆಂದು ದಲ್ಲಾಳಿ ಸೂಚಿಸಿದನು. ಮಾವನವರು ಒಪ್ಪಲಿಲ್ಲ. ಕೊಳ್ಳುವವನ ಸಾಮಾನ್ಯ ಎಚ್ಚರಿಕೆಗೆ ಕಾಣದ ಮುಖ್ಯ ದೋಷವನ್ನು ಮಾರುವವನು ತಾನಾಗಿಯೇ ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಕಾಯಿದೆಯ ಮಾತು ಅತ್ತಲಿರಲಿ. ಮಳೆಯಲ್ಲಿ ಬಂದು ಗೋಡೆ ಮುಟ್ಟುವವನ ಮುಂದೆ ಬಚ್ಚಿಟ್ಟದ್ದು ಎಷ್ಟು ದಿನ ನಿಂತೀತು?

ಚಿಕ್ಕೋಡಿಯವರೂ ಬಾರದೆ ಇರಲಿಲ್ಲ. “ಹಂಗ ಸುಮ್ನ ನೋಡಾಕ ಬಂದ್ವಿ” ಎನ್ನುವ ನೆರೆಯವರು ಎಲ್ಲ ಊರಿನಲ್ಲಿಯೂ ಇರುವರು. ಅವರಿಗೆ ಚಹಾ ಕೊಟ್ಟು ಕಳಿಸುವುದೇ ಲೇಸು. ರಾತ್ರಿ ಮನೆಯಲ್ಲಿ ಯಾರಿರುತ್ತಾರೆ, ಹಿತ್ತಲ ಬಾಗಿಲಿನ ಕೀಲಿ ಎಂಥದು ಎಂದು ಕೇಳುವವರು ಮಾತ್ರ ಬೇರೆ ಜಾತಿಯವರು. ಅವರಿಗೆ ಒಬ್ಬರೇ ಮನೆ ತೋರಿಸಬಾರದು. ಕಾಗದಪತ್ರಗಳ ಮೂಲ ಪ್ರತಿಯನ್ನು ಯಾರ ಕೈಗೂ ಬಿಡಬಾರದು. ಸಂಚಕಾರವನ್ನು ರೊಕ್ಕದ ಗಂಟಿನಲ್ಲಿ ತಂದು ಒತ್ತಾಯ ಮಾಡುವವರನ್ನೂ ದೂರವಿಡಬೇಕು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯಬಾರದೆಂದು 2015ರಲ್ಲಿಯೇ ನಿಯಮವಾಗಿದೆ.

ಊರಿನವರಲ್ಲಿ ಒಬ್ಬ ಹೆಣ್ಣುಮಗಳು ನೆನಪಿನಲ್ಲಿ ಉಳಿದರು. ಬಂದು ಪಡಸಾಲೆಯಲ್ಲಿ ಕುಳಿತವರು ಮನೆಯನ್ನು ಕಣ್ಣೆತ್ತಿಯೂ ನೋಡದೆ, “ಮಾಮಾ, ನಿಮಗ ಅಕ್ಕತಂಗೇರು ಎಷ್ಟ್ ಮಂದಿ?” ಎಂದು ಕೇಳಿದರು. ಇದೆಂಥ ಅಧಿಕಪ್ರಸಂಗವೆಂದು ಅತ್ತೆಯವರ ಹುಬ್ಬು ಗಂಟಿಕ್ಕಿತು. ಮಾವನವರಿಗೆ ಇಬ್ಬರು ತಂಗಿಯರು, ಮನೆ ಪಿತ್ರಾರ್ಜಿತವಾದುದು. ಉತಾರದಲ್ಲಿ ಮಾವನವರ ಹೆಸರೊಂದೇ ಇತ್ತು. ಅದನ್ನು ನೋಡಿಯೇ ಎಲ್ಲರೂ ತೃಪ್ತರಾಗಿದ್ದರು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದಿದೆ. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿದೆ. ಆ ಹೆಣ್ಣುಮಗಳು ಮನೆಯನ್ನು ಕೊಳ್ಳಲಿಲ್ಲ. ಆದರೆ ಆ ವಾರವೇ ಮಾವನವರು ತಂಗಿಯರಿಬ್ಬರಿಗೂ ಫೋನು ಮಾಡಿ, ಮೂವರೂ ಕೂಡಿ ಸಹಿ ಮಾಡುವುದೆಂದೂ ಬಂದ ಹಣವನ್ನು ಮೂರು ಪಾಲು ಮಾಡುವುದೆಂದೂ ಗೊತ್ತುಮಾಡಿದರು. ಕೆದಕುವ ಪ್ರಶ್ನೆ ಕೇಳುವವರೆಲ್ಲ ವೈರಿಗಳಲ್ಲ.

ಇನ್ನು ಅಥಣಿಯವರು. ಮೂವತ್ತು ದಾಟಿದ ಗಂಡಹೆಂಡಿರು. ಅವರು ಏನನ್ನೂ ಕೇಳಲಿಲ್ಲ. ಗಂಡ ತಲೆಬಾಗಿಲಿನ ಹೊರಗೇ ನಿಂತನು. ಕರೆದ ಮೇಲೆ ಬಂದನು. ಹೆಂಡತಿ ಪಡಸಾಲೆಯ ಬೆಳಕಿಂಡಿಯ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟಳು; ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಇಬ್ಬರ ಬಾಯಲ್ಲಿಯೂ ಮಾತಿಲ್ಲ. ಅತ್ತೆಯವರು ವಾಡಿಕೆಯಂತೆ ನೀರು ಬೆಲ್ಲ ತಂದಿಟ್ಟರು. ಗಂಡ ಹೆಂಡತಿಯ ಮುಖ ನೋಡಿದನು. ಆಮೇಲೆ ಚರಿಗೆಯನ್ನು ಕೈಗೆ ತೆಗೆದುಕೊಂಡನು. “ಚಪ್ಪಲ್ ಮಾಡೋರ್ರಿ ನಾವು. ಅಕಿ ಹೆಣಿಗಿ ಹೆಣೀತಾಳ, ಬೆಳಕು ಬೇಕಾಗತೈತಿ” ಎಂದನು.

ಅಥಣಿಯ ಚಪ್ಪಲಿ ಹೊರಗಿನ ಪೇಟೆಯಲ್ಲಿ ಮಾರಾಟವಾಗುವುದು ಕೊಲ್ಲಾಪುರಿ ಎಂಬ ಹೆಸರಿನಿಂದ. ಅದರ ಭೌಗೋಳಿಕ ಸೂಚಕದ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿದಂತೆ ನಮ್ಮ ನಾಲ್ಕು ಜಿಲ್ಲೆಗಳಿವೆ. 2025ರಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆಗಳನ್ನು ಮೂಲದ ಹೆಸರೆತ್ತದೆ ತೋರಿಸಿ, ಟೀಕೆ ಬಂದ ಮೇಲೆ ಭಾರತದ ಕಸುಬಿನ ಋಣವನ್ನು ಒಪ್ಪಿಕೊಂಡಿತು. ಚರ್ಮವನ್ನು ಹದ ಮಾಡಿ ಅಟ್ಟೆ ಕತ್ತರಿಸುವವರು ಗಂಡಸರು. ನವಿರಾದ ಹೆಣಿಗೆಯ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದು. ಅವರ ಮನೆಯೇ ಅವರ ಕಾರಖಾನೆ. ಹೆಂಡತಿ ನೆಲದ ಮೇಲೆ ಕುಳಿತದ್ದೇಕೆಂಬುದು ಇದರಿಂದ ತಿಳಿಯಿತು. ಗಂಡ ಹೊರಗೆ ನಿಂತದ್ದೇಕೆಂಬುದನ್ನು ವಿವರಿಸಬೇಕೇ? ಮನೆಯ ಬಗ್ಗೆ ತಾನೊಂದು ಪ್ರಶ್ನೆ ಕೇಳಿದರೆ, “ನೀವು ಯಾರ ಪೈಕಿ?” ಎಂಬ ಪ್ರಶ್ನೆ ತಿರುಗಿ ಬರುವುದೆಂದು ಅವನು ಬಲ್ಲ. ಡಾ. ಅಂಬೇಡ್ಕರರು ನಿಪ್ಪಾಣಿಗೆ ಬಂದು ದಲಿತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದು 1925ರ ಏಪ್ರಿಲಿನಲ್ಲಿ. ನೂರು ವರ್ಷಗಳು ಕಳೆದವು. ಹೊಸ್ತಿಲ ಹೊರಗೆ ನಿಲ್ಲುವ ಆ ಅಭ್ಯಾಸ ಇನ್ನೂ ಪೂರ್ತಿ ಕಳೆದಿಲ್ಲ. ನಾವು ನಿಗೂಢವೆಂದು ತಿಳಿದ ಮೌನ ಅವರ ಪಾಲಿಗೆ ಬರಿಯ ಎಚ್ಚರಿಕೆ.

ಅವರು ಹೋದ ಸಂಜೆ ಓಣಿಯ ಹಿರಿಯರೊಬ್ಬರು ಬಂದು, “ರೊಕ್ಕ ಸ್ವಲ್ಪ ಕಡಿಮಿ ಆದ್ರೂ ಚಿಂತಿಲ್ಲ, ನಮ್ಮೊಳಗಿನವರಿಗೇ ಕೊಡ್ರಿ” ಎಂದು ಮೆಲ್ಲಗೆ ಸೂಚಿಸಿದರು. ಮಾವನವರು ತಂಬಾಕಿನ ಸಂಚಿಯನ್ನು ಮಡಿಚಿಟ್ಟು, “ಕಾಕಾ, ನಾ ಮಾರಾಕತ್ತಿದ್ದು ಮನಿ, ಓಣಿ ಅಲ್ಲ” ಎಂದರು. ತೇವದ ಗೋಡೆಯನ್ನು ತೋರಿಸಿ, ಅದರ ರಿಪೇರಿಯ ಖರ್ಚು ಕಳೆದು, ಮನೆಯನ್ನು ಅಥಣಿಯವರಿಗೇ ಕೊಟ್ಟರು. ಉಪನೋಂದಣಿ ಕಚೇರಿಯಲ್ಲಿ ಅಣ್ಣತಂಗಿಯರು ಮೂವರೂ ಸಹಿ ಮಾಡಿದರು.

ಮನೆ ಮಾರುವವರಿಗೆ ಹೇಳಬೇಕಾದುದು ಇಷ್ಟೇ. ಬಂದವನ ನಡತೆ ವಿಚಿತ್ರವಾಗಿ ಕಂಡರೆ ಅವನ ಮುಖವನ್ನು ನೋಡಬೇಡಿರಿ. ಅವನು ಏನನ್ನು ನೋಡುತ್ತಿದ್ದಾನೆಂಬುದನ್ನು ನೋಡಿರಿ. ತೊಲೆಯೋ, ಕೊಟ್ಟಿಗೆಯೋ, ಗೋಡೆಯ ಬುಡವೋ, ಬೆಳಕೋ? ಅಲ್ಲಿ ಅವನ ಕಸುಬು ಇರುತ್ತದೆ, ಅವನು ಕಂಡ ಕಷ್ಟ ಇರುತ್ತದೆ. ಅದು ತಿಳಿಯುವ ಮೊದಲೇ ಅವನ ಕುಲವನ್ನು ಕೇಳಹೋದರೆ, ಕೊಳ್ಳುವವನೂ ಕೈತಪ್ಪುವನು, ಮನೆಯ ಮರ್ಯಾದೆಯೂ ಹೋಗುವುದು. ಕಾಗದಪತ್ರ ಚೊಕ್ಕವಾಗಿರಲಿ, ಬೆಲೆ ಒಂದೇ ಇರಲಿ, ಗೋಡೆಯ ತೇವ ಎಲ್ಲರಿಗೂ ಕಾಣಲಿ. ಬಂದವರೆಲ್ಲರಿಗೂ ಒಂದೇ ಚರಿಗೆಯಲ್ಲಿ ನೀರು ಕೊಡಿರಿ. ಉಳಿದ ಮಾತನ್ನು ಅವರೇ ಆಡುವರು.