ಗೋಡೆಗೊರಗಿದ ಕಾಲು

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಮನೆಮಂದಿಯೊಡನೆ ಕುಳಿತು ಉಣ್ಣುವುದು ನಮಗೆಲ್ಲ ಸಹಜ ಸಂಗತಿ. ನನ್ನ ಚಿಕ್ಕಪ್ಪನವರಿಗೆ ಅದು ಅನೇಕ ವರ್ಷ ಒದಗಲಿಲ್ಲ. ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಬಲಗಾಲನ್ನು ಕಳೆದುಕೊಂಡ ಅವರಿಗೆ ಮೊದಲು ದೊರೆತ ಕೃತಕ ಕಾಲು ಬೂಟಿಲ್ಲದೆ ನಡೆಯಲಾಗದಂಥದು. ಬೂಟು ತೊಟ್ಟು ಗದ್ದೆಗಿಳಿಯುವುದೆಂತು? ಅದು ಗೋಡೆಗೊರಗಿಯೇ ಉಳಿಯಿತು. ‘ಹಟಮಾರಿ’ ಎಂದು ಅವರನ್ನು ದೂರಿದವರಲ್ಲಿ ನಾನೂ ಒಬ್ಬ.

ಈ ತೊಡಕನ್ನು ಬಹು ಹಿಂದೆಯೇ ಅರಿತವರು ಜೈಪುರದಲ್ಲಿದ್ದರು. ಸವಾಯಿ ಮಾನಸಿಂಗ್ ಆಸ್ಪತ್ರೆಯ ವೈದ್ಯ ಪಿ.ಕೆ. ಸೇಠಿ ಹಾಗೂ ಹೆಚ್ಚು ಶಾಲೆ ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮಾ 1960ರ ದಶಕದ ಕೊನೆಯಲ್ಲಿ ರಬ್ಬರು, ಮರಗಳಿಂದ ‘ಜೈಪುರ ಕಾಲ’ನ್ನು ರೂಪಿಸಿದರು. ಅದನ್ನು ತೊಟ್ಟು ಬೂಟಿಲ್ಲದೆ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಕೆಸರಿಗೂ ಇಳಿಯಬಹುದು. 1975ರಲ್ಲಿ ಡಿ.ಆರ್. ಮೆಹತಾ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ನೀಡುತ್ತಾ ಬಂದಿದೆ.

ಶಿಬಿರವೊಂದರಲ್ಲಿ ಆ ಕಾಲು ಪಡೆದ ದಿನ ಚಿಕ್ಕಪ್ಪನವರು ನಮ್ಮೊಡನೆ ನೆಲದ ಮೇಲೆ ಕುಳಿತು ಉಂಡರು. ಮಾತನಾಡಲಿಲ್ಲ, ಎರಡು ಬಾರಿ ಅನ್ನ ಹಾಕಿಸಿಕೊಂಡರು.

ಆದರೆ ಕೃತಕ ಕಾಲು ಸವೆಯುತ್ತದೆ. ಉಳಿದ ಕಾಲಿನ ಗಾತ್ರವೂ ಬದಲಾಗುತ್ತದೆ. ಆಗ ಹಿಡಿತ ಸಡಿಲವಾಗಿ ಚರ್ಮ ಹುಣ್ಣಾಗುತ್ತದೆ. ದುರಸ್ತಿಗೆ ಹೋಗಿಬರಲು ಬಸ್ಸಿನ ಖರ್ಚಲ್ಲದೆ ಎರಡು ದಿನದ ಕೂಲಿಯೂ ನಷ್ಟ. ಅವರು ಕೇಳಲಿಲ್ಲ, ನಾನು ವಿಚಾರಿಸಲಿಲ್ಲ. ಕಾಲು ಮತ್ತೆ ಗೋಡೆಗೊರಗಿದುದನ್ನು ಕಂಡಾಗಲೇ ನನಗೆ ಎಚ್ಚರವಾಯಿತು. ಈ ಸಲ ಜೊತೆಗೆ ನಾನೇ ಹೋದೆ.

ನಿಮ್ಮ ನೆರೆಮನೆಯಲ್ಲೂ ಅಂಥ ಕಾಲೊಂದು ಮೂಲೆಯಲ್ಲಿರಬಹುದು. ಕೊಟ್ಟ ದಿನಕ್ಕೆ ಸೇವೆ ಮುಗಿಯುವುದಿಲ್ಲ. ಒಮ್ಮೆ ಹೋಗಿ ಕೇಳಿರಿ: “ಕಾಲು ಈಗಲೂ ಸರಿಯಾಗಿ ಕೂರುತ್ತದೆಯೇ?”